ಬೆರಳಿಗೆ ಹತ್ತದ ಬಣ್ಣ

ಮಂಕಿ

ಹೆಂಡತಿ ಸತ್ತ ವರ್ಷದೊಳಗೆ ಕಡಲು ದಾಟಬಾರದೆಂದು ನಮ್ಮ ಊರು ಮಂಕಿಯಲ್ಲಿ ನನಗೆ ಹೇಳದವರಿಲ್ಲ. ನಾನು ದಾಟಿದೆ. ತಿರುಗಿಯೂ ಬಂದಿದ್ದೇನೆ. ಈಗ ಅದೇ ಜನ ಜಗಲಿಯ ಮೇಲೆ ಕೂತು ಆ ದೇಶ ಹೇಗಿತ್ತು, ಅಲ್ಲಿಯವರು ಎಂತ ತಿನ್ನುತ್ತಾರೆ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ಸೋತದ್ದರಿಂದ ಬರೆಯಲು ಕೂತಿದ್ದೇನೆ. ಎಷ್ಟು ಮೈಲಿ, ಎಷ್ಟು ಖರ್ಚು ಎಂಬುದು ಇಲ್ಲಿ ಸಿಗುವುದಿಲ್ಲ. ನಾಲ್ಕು ತಿಂಗಳಲ್ಲಿ ಕಂಡದ್ದರಲ್ಲಿ ಹೇಳಲೇಬೇಕಾದದ್ದು ಒಂದು ಭಾನುವಾರದ ಸಂಗತಿ. ಅದು ತಿಳಿಯಬೇಕಾದರೆ ಮೊದಲು ನಮ್ಮ ಜಗಲಿಯ ಗೋಡೆಯ ಸಂಗತಿ ತಿಳಿಯಬೇಕು.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಶಾಲೆ ಬಿಟ್ಟವನು. ಹೊನ್ನಾವರ ಬಂದರಿನಲ್ಲಿ ದೋಣಿ ಎಂಜಿನ್ನುಗಳ ಮಿಸ್ತ್ರಿ. ಹದಿಮೂರು ವರ್ಷದ ಹಿಂದೆ ಮಾದೇವಿಯನ್ನು ಮದುವೆಯಾದೆ. ಅವಳು ಬಂದ ವರ್ಷದಿಂದ ಪ್ರತಿ ದೀಪಾವಳಿಗೂ ಜಗಲಿಯ ಗೋಡೆಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಶೇಡಿ ಎಂಬ ಬಿಳಿಮಣ್ಣನ್ನು ನೀರಿನಲ್ಲಿ ಕದಡಿ, ನಾರಿನ ತುದಿ ಜಗಿದು ಮಾಡಿದ ಕುಂಚದಿಂದ ಚಿತ್ತಾರ ಬರೆಯುತ್ತಿದ್ದಳು. ಸುತ್ತಲೂ ಏಣಿಯಂಥ ಸಾಲು, ಅದರೊಳಗೆ ಭತ್ತದ ತೆನೆ, ನಡುವೆ ಕೈಹಿಡಿದು ನಿಂತ ಗೊಂಬೆಗಳು. ಇದು ನಮ್ಮ ಕಡೆಯ ಎಲ್ಲ ಹೆಂಗಸರೂ ಬರೆಯುವುದೇ. ಮಾದೇವಿ ಮಾತ್ರ ಬಲಗಡೆಯ ಮೂಲೆಯಲ್ಲಿ ಒಂದು ಎಂಜಿನ್ ದೋಣಿಯನ್ನೂ ಬರೆಯುತ್ತಿದ್ದಳು. ಅದರ ಹೊಗೆ ಮೂರು ಸುರುಳಿಯಾಗಿ ಮೇಲೇಳುತ್ತಿತ್ತು.

"ಮೂರು ಸುರುಳಿ ಹೊಗೆ ಬಂದ್ರೆ ಎಂಜಿನ್ ಕೆಟ್ಟದೆ ಅಂತ ಅರ್ಥ," ಎಂದು ನಾನು ನಗಾಡುತ್ತಿದ್ದೆ.

"ಕೆಡೂಕೇ ಬೇಕು. ಕೆಡದಿದ್ರೆ ನಿಮ್ಮನ್ನ ಯಾರು ಕರೀತ್ರು?" ಎನ್ನುತ್ತಿದ್ದಳು.

ವೈಶಾಖದಲ್ಲಿ ಕಾಮಾಲೆಯಾಯಿತು. ಹದಿನೇಳು ದಿನ ಮಲಗಿ ಹೋದಳು. ಅವಳದೊಂದು ಫೋಟೋ ಇಲ್ಲ. ನಮಗೆ ಮಕ್ಕಳಿಲ್ಲ. ಉಳಿದದ್ದು ಹಿಂದಿನ ದೀಪಾವಳಿಗೆ ಬರೆದ ಆ ಗೋಡೆ.

ಹನ್ನೊಂದನೆಯ ದಿನ ಮನೆ ಸಾರಿಸಿ ಶುದ್ಧ ಮಾಡುವಾಗ ನನ್ನ ಅಕ್ಕ ಕೆಮ್ಮಣ್ಣಿನ ಮಡಕೆ ಹಿಡಿದು ಗೋಡೆಯ ಹತ್ತಿರ ಬಂದಳು. ಅಕ್ಕ ಇಪ್ಪತ್ತೆರಡು ವರ್ಷದಿಂದ ವಿಧವೆ. ನಮ್ಮ ಮನೆಯಲ್ಲಿಯೇ ಇದ್ದಾಳೆ. ಸತ್ತವಳ ಕೈಗೆರೆ ಗೋಡೆಯ ಮೇಲೆ ಇರಬಾರದೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಸರಿ ಆಚೆ," ಎಂದಳು.

"ಸರಿಯೂದಿಲ್ಲ."

"ಅವ್ಳ ಗೆರೆ ಇರೂವರೆಗೆ ಅವ್ಳು ಹೊಸ್ಲು ದಾಟೂದಿಲ್ಲ ತಮ್ಮಾ."

"ದಾಟೂದು ಬೇಡ. ಇಲ್ಲೇ ಇರ್ಲಿ."

ನೆಂಟರೆಲ್ಲ ನೋಡುತ್ತಿದ್ದರು. ಅಕ್ಕ ಮಡಕೆ ಕೆಳಗಿಟ್ಟಳು. "ಆತು. ದೀಪಾವಳಿಗೆ ಬಳಿತೆ. ಈ ವರ್ಷ ನಮ್ಗೆ ಹಬ್ಬ ಇಲ್ಲ, ಖಾಲಿ ಬಿಡ್ವದು. ಬರೂ ವರ್ಷ ಹೊಸ ಹೆಣ್ಣು ಬಂದು ಬರೀತದೆ," ಎಂದಳು. ಹದಿಮೂರನೆಯ ದಿನಕ್ಕೆ ಇಬ್ಬರು ನೆಂಟರು ಹೆಣ್ಣಿನ ಪ್ರಸ್ತಾಪವನ್ನೂ ತಂದರು. ಊಟ ಮಾಡಿ ಹೋಗಿ ಎಂದೆ.

ದೋಣಿ ಎಂಜಿನ್ ಕೆಲಸ ಕಲಿಯಲು ಉತ್ತರದ ಮೀನುಗಾರ ದೇಶಕ್ಕೆ ಸರಕಾರದವರು ಕೆಲವರನ್ನು ಕಳಿಸುತ್ತಾರೆಂದು ಬಂದರಿನಲ್ಲಿ ಸುದ್ದಿ ಬಂದದ್ದು ಆಷಾಢದಲ್ಲಿ. ನಾನು ಮೊದಲ ದಿನವೇ ಹೆಸರು ಕೊಟ್ಟೆ. ಕಲಿಯುವ ಆಸೆಯಿಂದ ಕೊಟ್ಟೆನೆಂದರೆ ಸುಳ್ಳಾಗುತ್ತದೆ. ಹೋಗಬೇಡ ಎನ್ನುತ್ತಾರೆಂದು ಗೊತ್ತಿತ್ತು, ಅದಕ್ಕೇ ಕೊಟ್ಟೆ. ಹೊರಡುವ ಮುಂಚೆ ತೆಂಗಿನ ಗರಿಯ ತಟ್ಟಿ ಹೆಣೆದು ಮಳೆಯ ಎರಚಲು ತಾಗದಂತೆ ಗೋಡೆಗೆ ಅಡ್ಡ ಕಟ್ಟಿದೆ.

ಕುಮಟೆಯ ಕೋಟು

ಶರಾವತಿಯನ್ನು ಲಾಂಚಿನಲ್ಲಿ ದಾಟಿ ಕುಮಟೆಗೆ ಹೋಗಿ ಉಣ್ಣೆಯ ಕೋಟು ಹೊಲಿಸಿದೆ. ಅಲ್ಲಿಯ ದರ್ಜಿಗೆ ಚಳಿಯೆಂದರೆ ಶಿವರಾತ್ರಿಗೆ ಯಾಣಕ್ಕೆ ಹೋದಾಗ ಕಾಡಿನಲ್ಲಿ ಕಂಡ ಚಳಿ. "ಇದನ್ನ ಹಾಕ್ಕಂಡ್ರೆ ಬೆವರ್ತ್ರಿ ನೋಡಿ," ಎಂದು ಆಣೆಯಿಟ್ಟ. ಮುಂಬಯಿಯವರೆಗೆ ನಿಜವಾಗಿಯೂ ಬೆವರಿದೆ.

ಮುಂಬಯಿಯಲ್ಲಿ ಭಟ್ಕಳದ ಇಸ್ಮಾಯಿಲ್ ಸಾಹೇಬರು ಜೊತೆಯಾದರು. ಮಂಜುಗಡ್ಡೆ ಕಾರ್ಖಾನೆಯ ಮೆಕ್ಯಾನಿಕ್, ನನಗಿಂತ ಹತ್ತು ವರ್ಷ ದೊಡ್ಡವರು. ಹರೆಯದಲ್ಲಿ ಹಡಗಿನಲ್ಲಿ ಕೆಲಸ ಮಾಡಿದ್ದರಿಂದ ಇಂಗ್ಲಿಷು ಬರುತ್ತಿತ್ತು. ನನ್ನ ಇಂಗ್ಲಿಷು ಎಂಜಿನ್ನಿನ ಪುಸ್ತಕದ್ದು. ಭಾಗಗಳ ಹೆಸರು ಗೊತ್ತು, ಹಸಿವಾಗಿದೆ ಎನ್ನಲು ಗೊತ್ತಿಲ್ಲ. ವಿಮಾನ ಮೇಲೇಳುವಾಗ ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಂಡರು. ಆಮೇಲೆ ಕಣ್ಣು ಬಿಟ್ಟು, "ನಾಯ್ಕ್ರೇ, ನಿಮ್ ಪಾಲಿಂದೂ ನಾನೇ ಹೇಳೇನೆ. ನೀವು ಹೆದ್ರೂದು ಬೇಡ," ಎಂದರು.

"ನಂಗೆಂತ ಹೆದ್ರಿಕೆ?" ಎಂದೆ. ಅದು ನಿಜವಾಗಿತ್ತು. ಆಗ ನನಗೆ ಯಾವುದರ ಹೆದರಿಕೆಯೂ ಇರಲಿಲ್ಲ. ಅದು ಧೈರ್ಯವಲ್ಲವೆಂದು ಈಗ ಗೊತ್ತಾಗುತ್ತದೆ.

ಕೆಂಪು ಮನೆಗಳ ಊರು

ಊರು ನಾರ್ವೆಯ ಒಂದು ಸಣ್ಣ ಬಂದರು. ಅದರ ಹೆಸರು ಕೊನೆಯವರೆಗೂ ನನ್ನ ನಾಲಗೆಗೆ ಸರಿಯಾಗಿ ಬರಲಿಲ್ಲ. ತಪ್ಪಾಗಿ ಬರೆದು ಅವರಿಗೆ ಅವಮಾನ ಮಾಡುವುದಿಲ್ಲ. ಮೊದಲ ಬೆಳಿಗ್ಗೆ ಕಿಟಕಿ ತೆರೆದು ನೋಡಿದವನು ಹಾಗೆಯೇ ನಿಂತೆ. ನೀರಿನಂಚಿಗೆ ಸಾಲಾಗಿ ಮರದ ಮನೆಗಳು. ಎಲ್ಲದರ ಗೋಡೆಗೂ ನಮ್ಮ ಕೆಮ್ಮಣ್ಣಿನದೇ ಬಣ್ಣ. ಕಿಟಕಿ ಬಾಗಿಲುಗಳ ಸುತ್ತ ಶೇಡಿಯಂಥ ಬಿಳಿ ಪಟ್ಟಿ. ಇಡೀ ಊರಿಗೆ ಯಾರೋ ದೀಪಾವಳಿಗೆ ಬಳಿದು, ಅಂಚು ಬರೆದು, ಒಳಗಿನ ಚಿತ್ತಾರ ಬರೆಯುವ ಮೊದಲೇ ಎದ್ದು ಹೋದಂತೆ ಕಾಣುತ್ತಿತ್ತು.

"ಎಂತ ನೋಡ್ತ್ರಿ?" ಎಂದು ಇಸ್ಮಾಯಿಲ್ ಸಾಹೇಬರು ಕೇಳಿದರು.

"ಯಾರೋ ಅರ್ಧ ಮಾಡಿ ಬಿಟ್ಟಾರೆ," ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಅಲ್ಲಿಯವರು ಬಸ್ಸಿನಲ್ಲಿ ಪಕ್ಕದವರನ್ನು ಮಾತಾಡಿಸುವುದಿಲ್ಲ. ನಮ್ಮಲ್ಲಿ ಮಂಕಿಯಿಂದ ಹೊನ್ನಾವರ ಮುಟ್ಟುವಷ್ಟರಲ್ಲಿ ಪಕ್ಕದಲ್ಲಿ ಕೂತವನ ಮಗಳ ಮದುವೆ ಯಾಕೆ ತಪ್ಪಿತೆಂಬುದೂ ತಿಳಿದಿರುತ್ತದೆ. ಮೀನನ್ನು ಬರೀ ನೀರಿನಲ್ಲಿ ಬೇಯಿಸಿ ಬಟಾಟೆಯ ಜೊತೆ ಇಡುತ್ತಾರೆ, ಖಾರವಿಲ್ಲ, ಹುಳಿಯಿಲ್ಲ. ಇಸ್ಮಾಯಿಲ್ ಸಾಹೇಬರು ಮನೆಯಿಂದ ತಂದ ಮೆಣಸಿನಪುಡಿಯ ಡಬ್ಬಿಯನ್ನು ಕೋಟಿನ ಒಳಕಿಸೆಯಲ್ಲಿಟ್ಟುಕೊಂಡು, ಊಟದ ಮನೆಯಲ್ಲಿ ಅತ್ತಿತ್ತ ನೋಡಿ ಇಬ್ಬರ ತಟ್ಟೆಗೂ ಉದುರಿಸುತ್ತಿದ್ದರು. ಆದರೆ ಚಪ್ಪಲಿ, ಬೂಟುಗಳನ್ನು ಬಾಗಿಲ ಹೊರಗೆ ಬಿಟ್ಟೇ ಒಳಗೆ ಹೋಗುತ್ತಾರೆ. "ಇಷ್ಟು ಮರ್ಯಾದೆ ಇರೂ ಜನಕ್ಕೆ ಮೀನು ಬೇಯ್ಸೂದು ಯಾರೂ ಕಲಿಸ್ಲಿಲ್ವಲ್ಲ!" ಎಂಬುದು ಸಾಹೇಬರ ದುಃಖ.

ಕುಮಟೆಯ ಕೋಟು ಎರಡನೆಯ ವಾರವೇ ಸೋತಿತು. ಎಂಜಿನ್ ಕಲಿಸುವ ಗುರು ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ನನಗೆ ಹೆಂಡತಿ ಇದ್ದಾಳೆಯೇ ಎಂದು ಒಮ್ಮೆ ಕೇಳಿದ. ಇಲ್ಲ, ವೈಶಾಖದಲ್ಲಿ ಹೋದಳು ಎಂದು ಸಾಹೇಬರ ಕೈಯಿಂದ ಹೇಳಿಸಿದೆ. ಅವನು ತಿರುಗಿ ಕೆಲಸಕ್ಕೆ ಹೋದ. ಮರುದಿನ ನನ್ನ ಕೆಲಸದ ಮೇಜಿನ ಮೇಲೆ ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ಇತ್ತು. ಊರಿನಲ್ಲಿ ಅಷ್ಟು ಜನ ಆಡಿದ ಅಷ್ಟೊಂದು ಮಾತಿಗಿಂತ ಅದು ನನಗೆ ಬೆಚ್ಚಗಾಯಿತು.

ಅಕ್ಟೋಬರ್ ಮೊದಲಿಗೆ ಅಕ್ಕನ ಕಾಗದ ಬಂತು. ಅವಳಿಗೆ ಅಕ್ಷರ ಬಾರದು. ಶಾಲೆಯ ಮಾಸ್ತರರಿಂದ ಬರೆಸಿದ್ದಳು. ಭತ್ತ ಚೆನ್ನಾಗಿ ಬಂದಿದೆ, ಎಮ್ಮೆ ಕರು ಹಾಕಿದೆ, ತಟ್ಟಿ ಗೆದ್ದಲು ಹಿಡಿದದ್ದರಿಂದ ಬಿಚ್ಚಿದ್ದೇನೆ, ದೀಪಾವಳಿಯ ಮುನ್ನಾದಿನ ಗೋಡೆ ಬಳಿಯುವುದು ನಿಶ್ಚಯ, ನೀನು ಬೇಜಾರು ಮಾಡಿಕೊಳ್ಳಬಾರದು ಎಂದಿತ್ತು.

ಅದೇ ದಿನ ಉತ್ತರ ಬರೆದೆ. ಗೋಡೆ ಮುಟ್ಟಿದರೆ ನಾನು ಆ ಮನೆಗೆ ತಿರುಗಿ ಕಾಲಿಡುವುದಿಲ್ಲ, ನೀನು ನನಗೆ ಅಕ್ಕನಲ್ಲ ಎಂದು ಬರೆದೆ. ಲಕೋಟೆ ಅಂಟಿಸಿ ಕೋಟಿನ ಕಿಸೆಯಲ್ಲಿಟ್ಟುಕೊಂಡೆ. ಅಂಚೆಗೆ ಹಾಕಲು ನಾಲ್ಕು ದಿನ ಕೈ ಬರಲಿಲ್ಲ. ಕಾಗದ ಊರು ಮುಟ್ಟಲು ಹನ್ನೆರಡು ದಿನ ಬೇಕು. ದೀಪಾವಳಿಗೆ ಹದಿನೈದೇ ದಿನ ಉಳಿದಿತ್ತು.

ಭಾನುವಾರ, ಒಬ್ಬನ ಮನೆ

ಆ ಊರಿನಲ್ಲಿ ಭಾನುವಾರ ಎಲ್ಲವೂ ಬಾಗಿಲು ಹಾಕುತ್ತದೆ. ಅಂಗಡಿ, ಹೋಟೆಲು ಯಾವುದೂ ಇಲ್ಲ. ಮಳೆಯೂ ಬರುತ್ತಿತ್ತು, ನಮ್ಮ ಮಳೆಯ ಹಾಗೆ ಸುರಿದು ಮುಗಿಸುವ ಮಳೆಯಲ್ಲ, ಬೆಳಗಿನಿಂದ ಸಂಜೆಯವರೆಗೆ ಮುಖಕ್ಕೆ ಉಗುಳುವ ಮಳೆ. ನಾವಿಬ್ಬರೂ ನಡೆಯುತ್ತ ಗುಡ್ಡದ ಬುಡದಲ್ಲಿದ್ದ ಒಂದು ಹೊಸ ಕಟ್ಟಡದ ಮುಂದೆ ಬಂದೆವು. ಅದರ ಬಾಗಿಲೊಂದೇ ತೆರೆದಿತ್ತು.

"ಒಳಗೆ ಬೆಚ್ಚಗದೆ, ಬನ್ನಿ ನಾಯ್ಕ್ರೇ. ಎಂತ ಅದೆ ಅಂತ ಆಮೇಲೆ ನೋಡ್ವ," ಎಂದರು ಸಾಹೇಬರು.

ಬಾಗಿಲಲ್ಲಿ ಕೂತ ಹೆಂಗಸನ್ನು ಅವರೇ ವಿಚಾರಿಸಿದರು. ಅದೊಂದು ಮ್ಯೂಸಿಯಂ. ಚಿತ್ರಗಳದ್ದು. ಅದೂ ಒಬ್ಬನೇ ಮನುಷ್ಯನ ಚಿತ್ರಗಳದ್ದು. ಅವನು ಅದೇ ಊರಿನಲ್ಲಿ ಹುಟ್ಟಿ, ಹತ್ತು ಹದಿನೈದು ವರ್ಷದ ಹಿಂದೆ ಅದೇ ಊರಿನಲ್ಲಿ ಸತ್ತವನು. ಸಾಯುವಾಗ ಎಲ್ಲವನ್ನೂ ಊರಿಗೆ ಕೊಟ್ಟನಂತೆ. ಊರು ಅವನಿಗಾಗಿ ಈ ಮನೆ ಕಟ್ಟಿತಂತೆ.

ನಾನು ಅಂಥದ್ದನ್ನು ಹಿಂದೆ ಕಂಡವನಲ್ಲ. ದೇವರಿಗೆ ಒಂದು ಗುಡಿ ಕಟ್ಟುವುದು ಗೊತ್ತು. ಬರೆಯುವ ಮನುಷ್ಯನಿಗೆ ಇಷ್ಟು ದೊಡ್ಡ ಮನೆ ಕಟ್ಟಿ, ದೀಪ ಹಾಕಿ, ಬೆಚ್ಚಗಿಟ್ಟು, ಕಾವಲಿಗೆ ಜನ ಇಟ್ಟಿದ್ದರು. ಚಿತ್ರಗಳೂ ನಾನು ತಿಳಿದ ಹಾಗಿರಲಿಲ್ಲ. ಮರವೆಂದರೆ ನಾಲ್ಕು ಹಸಿರು ಗೀರು. ಕಡಲು ಒಂದು ಕಡೆ ಕೆಂಪಾಗಿತ್ತು. ಮನುಷ್ಯರಿಗೆ ಕಣ್ಣಿನ ಜಾಗದಲ್ಲಿ ಕಪ್ಪು ಚುಕ್ಕೆ.

"ಯಾ ಅಲ್ಲಾ, ಇದು ಕುದುರೆಯೋ ಕುರ್ಚಿಯೋ?" ಎಂದು ಸಾಹೇಬರು ತಲೆ ಓರೆ ಮಾಡಿ ನೋಡಿದರು.

ನನಗೆ ಅದು ಕುದುರೆಯೆಂದು ತಕ್ಷಣ ತಿಳಿಯಿತು. ಮಾದೇವಿಯ ಗೊಂಬೆಗಳಿಗೂ ತಲೆಯೆಂದರೆ ಒಂದು ಚುಕ್ಕೆ, ಮೈಯೆಂದರೆ ಎರಡು ಮುಕ್ಕೋನ. ಹಾಗೆ ಬರೆದರೆ ಮನುಷ್ಯ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ಅವನ ಸವೆದ ಕುಂಚಗಳು, ಬಣ್ಣ ಒರೆಸಿದ ಚಿಂದಿ, ಅರ್ಧ ಗೆರೆ ಎಳೆದು ಬಿಟ್ಟ ಕಾಗದದ ತುಣುಕುಗಳು. ಚಿಂದಿಯನ್ನೂ ಗಾಜಿನೊಳಗೆ ಇಟ್ಟಿದ್ದರು! ಅಲ್ಲಿ ನನಗೆ ಸಿಟ್ಟು ಬಂತು. ಇಷ್ಟು ಹೊತ್ತು ಬೆಚ್ಚಗಿದ್ದ ಜಾಗ ಉಸಿರು ಕಟ್ಟತೊಡಗಿತು. ಇವನು ಕೈ ಒರೆಸಿದ ಬಟ್ಟೆಗೆ ಕಾವಲು. ಅವಳ ಗೋಡೆಗೆ ಒಂದು ತೆಂಗಿನ ಗರಿಯ ತಟ್ಟಿಯೂ ಹೆಚ್ಚಾಯಿತೇ?

ಆ ಸಿಟ್ಟಿನಲ್ಲಿಯೇ ಹತ್ತಿರದ ಚಿತ್ರದ ಬಳಿಗೆ ಹೋಗಿ ಬೆರಳಿನ ಹಿಂಬದಿಯಿಂದ ಮೆಲ್ಲಗೆ ಸವರಿದೆ.

ಅದು ನಮ್ಮ ಕಡೆಯ ರೂಢಿ. ಗೋಡೆಯ ಚಿತ್ತಾರ ಹೇಗಿದೆ ಎಂದು ನೋಡುವವರು ಮೊದಲು ಬೆರಳಿನ ಹಿಂಬದಿಯಿಂದ ಸವರುತ್ತಾರೆ. ಶೇಡಿ ಬೆರಳಿಗೆ ಹತ್ತಿದರೆ ಹೊಸತು, ಹತ್ತದಿದ್ದರೆ ಹಳತು. ನೆರೆಯ ಹೆಂಗಸರು ನಮ್ಮ ಜಗಲಿಗೆ ಬಂದಾಗಲೆಲ್ಲ ಹಾಗೆ ಮಾಡುತ್ತಿದ್ದರು. ಮಾದೇವಿ ಅವರ ಬೆರಳನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಹಿಂದಿನಿಂದ ಒಂದು ದೊಡ್ಡ ದನಿ ಕೇಳಿತು.

ಏಳು ಮಂಚಗಳ ಕೋಣೆ

ಕಾವಲುಗಾರ ಎಪ್ಪತ್ತರ ಹತ್ತಿರದವನು. ಎಡಗೈಯ ಎರಡು ಬೆರಳಿರಲಿಲ್ಲ. ಬೂಟು ಬಡಿಯುತ್ತ ಬಂದು ನನ್ನ ಮುಂಗೈ ಹಿಡಿದ. ನಾನು ಬಿಡಿಸಿಕೊಳ್ಳಲಿಲ್ಲ. ಬೆರಳನ್ನು ಅವನ ಮುಖದ ಹತ್ತಿರ ಎತ್ತಿ ತೋರಿಸಿದೆ: ನೋಡು, ಏನೂ ಹತ್ತಿಲ್ಲ.

"ಎಂತ ಮಾಡಿದ್ರಿ ಮಾರಾಯ್ರೇ! ಇಬ್ರನ್ನೂ ಪೋಲೀಸ್ರಿಗೆ ಕೊಡ್ತಾನೆ ಈಗ," ಎಂದು ಸಾಹೇಬರು ಓಡಿ ಬಂದರು.

"ಅವಂಗೆ ಹೇಳಿ, ಸಾಹೇಬ್ರೇ. ನಾನು ಹಾಳು ಮಾಡೂಕೆ ಮುಟ್ಟಲಿಲ್ಲ. ನಮ್ಮಲ್ಲಿ ಹೀಂಗೇ ನೋಡೂದು ಅಂತ ಹೇಳಿ."

ಅವರು ಹೇಳಿದರು. ಸ್ವಲ್ಪ ತಮ್ಮದನ್ನೂ ಸೇರಿಸಿದರೆಂದು ಕಾಣುತ್ತದೆ, ಏಕೆಂದರೆ ಮಾತು ಉದ್ದವಾಯಿತು. ಮುದುಕ ಕೈ ಬಿಟ್ಟ. ಯಾರಲ್ಲಿ ಹಾಗೆ ನೋಡುತ್ತಾರೆ ಎಂದು ಕೇಳಿದ.

"ನನ್ನ ಹೆಂಡ್ತಿಯೂ ಬರೀತಿದ್ಲು ಅಂತ ಹೇಳಿ," ಎಂದೆ.

ಎಲ್ಲಿ ನೋಡಲು ಸಿಗುತ್ತದೆ ಎಂದು ಕೇಳಿದ.

"ಮಂಕಿಯಲ್ಲಿ. ನಮ್ಮ ಜಗಲಿಯಲ್ಲಿ."

ಎಷ್ಟು ಚಿತ್ರಗಳಿವೆ?

"ಹದಿಮೂರು. ಎಲ್ಲ ಒಂದೇ ಗೋಡೆ ಮೇಲೆ."

ದೊಡ್ಡ ಗೋಡೆಯೇ ಎಂದು ಕೇಳಿದ. ಅಲ್ಲ, ಪ್ರತಿ ವರ್ಷ ಹಳೆಯದರ ಮೇಲೆ ಕೆಮ್ಮಣ್ಣು ಬಳಿದು ಅದರ ಮೇಲೆಯೇ ಹೊಸತು ಬರೆಯುತ್ತಾರೆ ಎಂದು ಹೇಳಿಸಿದೆ. ಬಳಿಯುವವರು ಯಾರು? ಅವಳೇ. ತಾನು ಬರೆದದ್ದರ ಮೇಲೆ ತಾನೇ? ಹೌದು, ತಾನೇ.

ಮುದುಕ ತನ್ನ ಮೂರು ಬೆರಳಿನ ಕೈಯನ್ನು ಗಾಳಿಯಲ್ಲಿ ಚಪ್ಪಟೆ ಹಿಡಿದು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮತ್ತೆ ಮೇಲೆ ಮೇಲೆ ಇಡುತ್ತ ಹೋಗಿ ಒಂದು ಮಾತು ಹೇಳಿದ. ಸಾಹೇಬರು ಅದನ್ನು ಹೀಗೆ ತಿರುಗಿಸಿದರು: "ಹಂಗಾದ್ರೆ ನಿಮ್ ಗೋಡೆ ದಪ್ಪ ಆಗ್ತಾ ಬಂದದೆ ಅಂತಾನೆ."

ಹದಿಮೂರು ವರ್ಷ ಆ ಗೋಡೆಗೆ ಒರಗಿ ಕೂತ ನನಗೆ ಆ ಮಾತು ಹೊಳೆದಿರಲಿಲ್ಲ.

ಮುದುಕ ಮೊದಲು ಮೀನು ಹಿಡಿಯುವವನಾಗಿದ್ದನಂತೆ. ಬೆರಳು ಹೋದದ್ದು ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿ. ನಾವು ಎಂಜಿನ್ ಮಿಸ್ತ್ರಿಗಳೆಂದು ಕೇಳಿ ಗೆಳೆತನವಾಯಿತು. ಬನ್ನಿ ಎಂದು ಕೊನೆಯ ಕೋಣೆಗೆ ಕರೆದುಕೊಂಡು ಹೋದ.

ಅಲ್ಲಿ ಏಳು ಚಿತ್ರಗಳಿದ್ದವು, ಏಳೂ ಒಂದೇ. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತ ಎಂಟೊಂಬತ್ತು ವರ್ಷದ ಹುಡುಗಿ. ಹೊದಿಕೆಯ ಮೇಲೆ ಎರಡು ಕೈ. ಮೊದಲನೆಯದರಲ್ಲಿ ಕೂದಲಿನ ಎಳೆ ಎಳೆಯೂ ಕಾಣುತ್ತಿತ್ತು. ಎರಡನೆಯದರಲ್ಲಿ ಕಡಿಮೆ. ಮುಂದೆ ಹೋದ ಹಾಗೆ ಮುಖ ಕರಗುತ್ತ, ಕೊನೆಯದರಲ್ಲಿ ಒಂದು ಹಳದಿ ಮಚ್ಚೆ ಮಾತ್ರ. ಕಾಮಾಲೆಯ ಹಳದಿ.

ಚಿತ್ರ ಬರೆದವನ ಮಗಳು ಎಂದ ಮುದುಕ. ಹುಡುಗಿ ಸತ್ತ ಮೇಲೆ ಮೊದಲನೆಯದನ್ನು ಬರೆದ; ಕೊನೆಯದು ಬರೆಯುವಾಗ ಅವನಿಗೇ ಎಪ್ಪತ್ತು ದಾಟಿತ್ತು.

"ಮೊದಲನೇದು ಇಷ್ಟು ಚಂದ ಬಂದಿತ್ತಲ್ಲ," ಎಂದೆ. "ಮತ್ತೆ ಮತ್ತೆ ಎಂತಕೆ ಬರ್ದ ಅಂತ ಕೇಳಿ."

ಸಾಹೇಬರು ಕೇಳಿದರು. ಮುದುಕ ನನ್ನನ್ನು ನೋಡಿ ಹೇಳಿದ. ಚಿತ್ರವನ್ನು ಗೋಡೆಗೆ ತೂಗುಹಾಕಿದ ಮೇಲೆ ಅದು ಎಲ್ಲರದೂ ಆಗುತ್ತದೆ. ಬರೆಯುವಷ್ಟು ದಿನ ಮಾತ್ರ ಹುಡುಗಿ ಅವನ ಹತ್ತಿರ ಇರುತ್ತಿದ್ದಳು. ಅದಕ್ಕೆ ಬರೆದ.

ಇಸ್ಮಾಯಿಲ್ ಸಾಹೇಬರು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದವರು ತಮಾಷೆಯೇನೂ ಮಾಡಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅವರಿಗೂ ಮಗಳೊಬ್ಬಳು ತೀರಿಹೋಗಿದ್ದಳೆಂದು ನನಗೆ ಗೊತ್ತಾದದ್ದು ಆ ಸಂಜೆ.

ಅಂಚೆ ಡಬ್ಬಿಯ ಮುಂದೆ

ಹೊರಗೆ ಬಂದಾಗ ಮಳೆ ನಿಂತಿತ್ತು. ಎದುರಿಗೇ ಕೆಂಪು ಅಂಚೆ ಡಬ್ಬಿ. ಕಿಸೆಯಿಂದ ಲಕೋಟೆ ತೆಗೆದೆ.

ನನಗೆ ಸಮಾಧಾನವಾಯಿತೆಂದು ಯಾರೂ ತಿಳಿಯಬಾರದು. ಆಗಿರಲಿಲ್ಲ, ಇವತ್ತಿಗೂ ಆಗಿಲ್ಲ. ಅಕ್ಕನ ಮೇಲಿನ ಸಿಟ್ಟೂ ಇಳಿದಿರಲಿಲ್ಲ. ಆದರೆ ಅದು ಬೇರೆ ಕಡೆಗೆ ತಿರುಗಿತ್ತು. ಬಳಿಯುವುದರ ಬಗ್ಗೆ ನಾನು ಇಷ್ಟು ದಿನ ಜಗಳ ಮಾಡಿದ್ದೆ. ಬಳಿಯುವುದನ್ನು ಮಾದೇವಿಯೇ ಹನ್ನೆರಡು ಸಲ ಮಾಡಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಡಿಕೊಳ್ಳುತ್ತ. ಹಳೆಯದು ಅಳಿಯುತ್ತದೆಂದು ಅವಳು ಒಮ್ಮೆಯೂ ಕೈ ಹಿಂದೆಗೆಯಲಿಲ್ಲ. ಜಗಳ ಮಾಡಬೇಕಾದದ್ದು ಖಾಲಿ ಬಿಡುವುದರ ಬಗ್ಗೆ. ಸಾವಿನ ಮನೆಯಲ್ಲಿ ಬರೆಯಬಾರದಂತೆ. ಗಂಡಸರು ಕುಂಚ ಹಿಡಿಯಬಾರದಂತೆ. ಗಂಡ ಸತ್ತವಳು ಹಿಡಿಯಬಾರದಂತೆ. ಹಾಗಾದರೆ ದುಃಖ ಇರುವವರು ಯಾರೂ ಬರೆಯಬಾರದು. ಇಲ್ಲದವರು ಬಂದು ಬರೆಯಬೇಕು!

ಲಕೋಟೆ ಹರಿದೆ. ತಿರುಗಿ ಒಳಗೆ ಹೋಗಿ ಮಂಚದ ಹುಡುಗಿಯ ಚಿತ್ರವಿದ್ದ ಒಂದು ಕಾರ್ಡು ತಂದೆ.

"ಅಷ್ಟು ಕಾರ್ಡಿನಲ್ಲಿ ಇದೇ ಸಿಕ್ತಾ?" ಎಂದು ಸಾಹೇಬರು ಗಾಬರಿಯಾದರು. "ಹಬ್ಬದ ಎದುರಿಗೆ ರೋಗಿ ಚಿತ್ರ ಕಳಿಸ್ತ್ರ್ಯಾ ಮಾರಾಯ್ರೇ! ಅಲ್ಲಿ ದೋಣಿದು ಇತ್ತಲ್ಲ."

"ದೋಣಿ ನಮ್ಮನೇಲಿ ಅದೆ," ಎಂದೆ.

ಅವರ ಬೆನ್ನ ಮೇಲೆ ಕಾರ್ಡು ಇಟ್ಟು ಬರೆದೆ. 'ಅಕ್ಕಾ, ಗೋಡೆ ಬಳಿ. ಬೇಜಾರಿಲ್ಲ. ನಾನು ಬಂದು ಬರೆಯುತ್ತೇನೆ. ಶೇಡಿ ತೆಗೆದಿಡು.'

ಮಂಕಿ, ಮತ್ತೆ

ಕಾರ್ಡು ತೆರೆದ ಕಾಗದವೆಂಬುದನ್ನು ನಾನು ಮರೆತಿದ್ದೆ. ಮಾಸ್ತರರು ಅಕ್ಕನಿಗೆ ಓದಿ ಹೇಳುವ ಮೊದಲೇ ಅಂಚೆಯವನು ಓದಿದ್ದ. ಮಾರ್ಗಶಿರದಲ್ಲಿ ನಾನು ಬಸ್ಸಿಳಿಯುವಾಗ ಇಡೀ ಮಂಕಿಗೆ ಗೊತ್ತಿತ್ತು. "ವಿಲಾಯತಿಗೆ ಹೋಗಿ ಎಂತ ಕಲ್ತು ಬಂದ್ಯೋ, ಚಿತ್ತಾರವಾ?" ಎಂದು ಬಸ್ಸಿನ ಹತ್ತಿರವೇ ಒಬ್ಬ ಕೇಳಿದ. "ಹೌದು. ನಿಮ್ಮನೇದೂ ಬರ್ದು ಕೊಡ್ವದಾ?" ಎಂದೆ.

ಗೋಡೆ ಬರೀ ಕೆಂಪಾಗಿತ್ತು. ಮೂಲೆಯಲ್ಲಿ ದೋಣಿಯಿಲ್ಲ, ಗೊಂಬೆಗಳಿಲ್ಲ. ಜಗಲಿಯ ಕಂಬಕ್ಕೆ ಅಕ್ಕ ಆ ಕಾರ್ಡನ್ನು ಅನ್ನದ ಅಗುಳಿನಿಂದ ಅಂಟಿಸಿದ್ದಳು.

"ಯಾರ್ ಮನೆ ಹೆಣ್ಣೋ ಇದು?" ಎಂದು ಅಕ್ಕ ಕೇಳಿದಳು.

"ಅಲ್ಲಿಯವರದು. ಹೋಯ್ತು."

"ಕಂಡ್ರೆ ಗೊತ್ತಾಗ್ತದೆ," ಎಂದಳು.

ಮರುದಿನ ಬೆಳಗಿನ ಗಂಜಿ ಉಂಡು, ಬಾಗಿಲು ಪೂರಾ ತೆರೆದು, ದಾರಿಗೆ ಕಾಣುವ ಹಾಗೆ ಬರೆಯಲು ಕೂತೆ. ಬೇಲಿಯ ಹೊರಗೆ ಐದಾರು ಜನ ನಿಂತರು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಎಂಜಿನ್ನಿನ ಕೂದಲೆಳೆಯಷ್ಟು ಸಂದಿಯನ್ನು ಕಣ್ಣಳತೆಯಲ್ಲಿ ಸರಿಮಾಡುವ ನನ್ನ ಕೈಗೆ ಒಂದು ನೇರ ಗೆರೆ ಬರಲಿಲ್ಲ. ಏಣಿಸಾಲು ಎರಡು ಮೊಳ ಹೋಗುವಷ್ಟರಲ್ಲಿ ಇಳಿಜಾರಾಯಿತು. ಶೇಡಿ ಮುದ್ದೆ ಮುದ್ದೆಯಾಗಿ ಉದುರಿತು.

ಅಕ್ಕ ಒಳಬಾಗಿಲಿನಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ನೋಡುವುದಿಲ್ಲ ಎಂಬಂತೆ ನೋಡುತ್ತಿದ್ದಳು.

"ಶೇಡಿ ಗಟ್ಟಿ ಆತು," ಎಂದಳು. ನಾನು ನೀರು ಹಾಕಿದೆ.

"ಬಲದಿಂದ ಎಡಕ್ಕೆ ಎಳಿ. ಅವ್ಳು ಹಾಂಗೇ ಎಳೀತಿದ್ಲು." ಬಲದಿಂದ ಎಳೆದ ಗೆರೆಯೂ ಸೊಟ್ಟಗೇ ಆಯಿತು. ಬೇಲಿಯ ಹೊರಗೆ ಮತ್ತೆ ನಕ್ಕರು.

ಅಕ್ಕ ಮೊರವನ್ನು ಕೆಳಗಿಟ್ಟಳು. ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತಳು. ಬೇಲಿಯ ಕಡೆಗೆ ಒಮ್ಮೆ ತಿರುಗಿ ನೋಡಿದಳು, ನಗು ನಿಂತಿತು.

"ಇತ್ತ ಕೊಡು," ಎಂದಳು.

ಇಪ್ಪತ್ತೆರಡು ವರ್ಷ ಕುಂಚ ಮುಟ್ಟದ ಕೈ. ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಮೆದು ಮಾಡಿ, ಶೇಡಿಯಲ್ಲಿ ಅದ್ದಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ಈ ಕಡೆಯಿಂದ ಆ ಕಡೆಗೆ ಎಳೆದಳು. ನೇರ ಬಂತು. ಬೇಲಿಯ ಹೊರಗಿನಿಂದ ಯಾರೋ ಮುದುಕಿ, "ಹೌದನೇ, ನಿಂಗೆ ಅದು ಆಗ್ತದನೇ?" ಎಂದು ಕೂಗಿದಳು. ಅಕ್ಕ ತಿರುಗದೆ, "ಆಗ್ತದೆ. ಕಾಣೂದಿಲ್ವಾ?" ಎಂದಳು.

ಗೊಂಬೆಗಳನ್ನು ಅವಳು ಬರೆದಳು. ದೋಣಿಯನ್ನು ಮಾತ್ರ ಬಿಟ್ಟಳು, ಅದು ನನ್ನದು. ನನ್ನ ದೋಣಿ ಮುಳುಗುತ್ತಿರುವಂತೆ ಕಾಣುತ್ತದೆಂದು ಎಲ್ಲರೂ ಹೇಳುತ್ತಾರೆ. ಹೊಗೆ ಮೂರು ಸುರುಳಿ ಸರಿಯಾಗಿ ಬಂದಿದೆ.

ಆಮೇಲೆ ಏನೇನೋ ಮಾತು ಬಂತು. ಈ ಮನೆಯ ಬಾಗಿಲಿಗೆ ಹೆಣ್ಣು ಕೊಡುವವರಿಲ್ಲ ಎಂದರು. ಬೇಡ. ಅಕ್ಕನನ್ನು ಎರಡು ಮದುವೆಗೆ ಕರೆಯಲಿಲ್ಲ. ಅವಳು ಆ ಎರಡು ದಿನವೂ ಜಗಲಿಯಲ್ಲಿ ಕೂತು ಏಣಿಸಾಲಿನ ಕೆಳಗೆ ಇನ್ನೊಂದು ಸಾಲು ಭತ್ತದ ತೆನೆ ಸೇರಿಸಿದಳು.

ಆ ದೇಶದಲ್ಲಿ ಒಬ್ಬ ಚಿತ್ರಕಾರನಿಗೆ ಮನೆ ಕಟ್ಟಿದ್ದಾರೆ. ಹೋಗಲು ಆಗುವವರು ಹೋಗಿ ನೋಡಿ. ಆಗದವರು ಮಂಕಿಗೆ ಬನ್ನಿ. ಗೋಡೆಯೊಳಗೆ ಹದಿಮೂರು ಇವೆ, ಹೊರಗೆ ಒಂದು. ಕಾವಲಿಲ್ಲ. ಮುಂದಿನ ದೀಪಾವಳಿಯ ಒಳಗೆ ಬರಬೇಕು, ಆಮೇಲೆ ಬಳಿಯುತ್ತೇವೆ. ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಬಿಳಿ ಹತ್ತುತ್ತದೆ.